ಸೇತುವೆಯ ಸಡಿಲ ಪೆನ್ಸಿಲ್ ಸ್ಕೆಚ್ ನೋಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಚಿತ್ರ ಪ್ರದರ್ಶನ ನಡೆದಾಗ ಜನ ಎಲ್ಲಿ ನಿಲ್ಲುತ್ತಾರೆ ನೋಡಿ. ಬಣ್ಣದ ದೊಡ್ಡ ಕ್ಯಾನ್ವಾಸಿನ ಮುಂದೆ ಗುಂಪು ಸೇರುತ್ತದೆ, ಫೋಟೊಗಳಾಗುತ್ತವೆ. ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಪೆನ್ಸಿಲ್ ಸ್ಕೆಚ್‌ಗಳಿದ್ದರೆ ಅವುಗಳನ್ನು ನಡೆಯುತ್ತಲೇ ನೋಡಿ ಮುಂದೆ ಹೋಗುತ್ತಾರೆ. ‘ಇದಿನ್ನೂ ಮುಗಿಸಿಲ್ಲ ಅನ್ಸುತ್ತೆ’ ಅನ್ನುವ ಮಾತು ನನ್ನ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಅಂಥ ಸ್ಕೆಚ್ ಮುಂದೆ ಹತ್ತು ನಿಮಿಷ ನಿಲ್ಲಬೇಕು, ನಿಂತಾಗ ಏನು ನೋಡಬೇಕೆಂದು ಗೊತ್ತಿರಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸೇತುವೆಯ ಸ್ಕೆಚ್ಚನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮರ, ಮೋಡ, ಗುಡ್ಡ ಬರೆಯುವಾಗ ಗೆರೆ ಸ್ವಲ್ಪ ಅತ್ತಿತ್ತ ಹೋದರೂ ಯಾರಿಗೂ ತಿಳಿಯುವುದಿಲ್ಲ. ಸೇತುವೆ ಹಾಗಲ್ಲ, ಅದು ನಿಲ್ಲಬೇಕು. ಮೇಲೆ ಹೋಗುವ ಲಾರಿಯ ಭಾರ ಕಂಬಕ್ಕೆ ಇಳಿದು, ಕಂಬದಿಂದ ನೆಲ ಸೇರಬೇಕು. ನಾಲ್ಕಾರು ಗೆರೆಗಳಲ್ಲಿ ಬರೆದ ಸೇತುವೆಯಲ್ಲೂ ಆ ಭಾರ ಕಾಣಬೇಕು. ಹಾಗಾಗಿ ಗೆರೆ ಎಲ್ಲಿ ಸಡಿಲವಾಗಿದೆ ಅನ್ನುವುದಕ್ಕಿಂತ ಎಲ್ಲಿ ಬಿಗಿಯಾಗಿದೆ ಅನ್ನುವುದನ್ನು ಮೊದಲು ಹುಡುಕಿ. ಒಳ್ಳೆಯ ಸಡಿಲ ಸ್ಕೆಚ್‌ನಲ್ಲಿ ಭಾರ ಇಳಿಯುವ ಜಾಗದಲ್ಲೇ ಪೆನ್ಸಿಲ್ ಒತ್ತಿರುತ್ತದೆ, ಉಳಿದ ಕಡೆ ಕೈ ಹಗುರಾಗಿರುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದನ್ನು ಕಂಡುಕೊಳ್ಳುವ ದಾರಿಗಳೇ.

ಹೆಜ್ಜೆ 1: ದೂರದಿಂದ, ಕಣ್ಣು ಕಿರಿದು ಮಾಡಿ

ಹತ್ತಿರ ಹೋಗುವ ಆತುರ ಬೇಡ. ನಾಲ್ಕೈದು ಅಡಿ ದೂರದಲ್ಲಿ ನಿಂತು ಅರೆಗಣ್ಣು ಮಾಡಿ ನೋಡಿ. ಸಣ್ಣ ಗೆರೆಗಳೆಲ್ಲ ಕರಗಿ ಕಪ್ಪು, ಬೂದು, ಬಿಳಿ ಮೂರೇ ಉಳಿಯುತ್ತವೆ. ಎಲ್ಲಕ್ಕಿಂತ ಗಾಢವಾದ ಕಪ್ಪು ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಬಹಳಷ್ಟು ಸೇತುವೆ ಚಿತ್ರಗಳಲ್ಲಿ ಅದು ಕಮಾನಿನ ಒಳಮೈಯಲ್ಲೋ ಕಂಬದ ಬುಡದಲ್ಲೋ ಇರುತ್ತದೆ. ನಂತರ ಬಿಳಿ ಎಷ್ಟಿದೆ ಎಂದು ಅಂದಾಜು ಮಾಡಿ. ಹಾಳೆಯ ಅರ್ಧಕ್ಕಿಂತ ಹೆಚ್ಚು ಭಾಗ ಮುಟ್ಟದೆ ಬಿಟ್ಟಿದ್ದರೆ ಆಶ್ಚರ್ಯಪಡಬೇಡಿ. ಅದರ ಲೆಕ್ಕ ಮುಂದೆ ಬರುತ್ತದೆ.

ಹೆಜ್ಜೆ 2: ಭಾರ ಇಳಿಯುವ ದಾರಿ ಹುಡುಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಇಡೀ ವಿಷಯದ ತಿರುಳು ಇದೇ.

ಹರಿಹರದಲ್ಲಿ ತುಂಗಭದ್ರೆಗೆ ಕಟ್ಟಿದ ಹಳೆಯ ಸೇತುವೆಯನ್ನೇ ತೆಗೆದುಕೊಳ್ಳಿ. ಕೆಲಸ ಮುಗಿದದ್ದು 1868ರಲ್ಲಿ. ಕಲ್ಲು, ಇಟ್ಟಿಗೆಯ 14 ಕಮಾನುಗಳು, ಒಂದೊಂದರ ಹರವು 60 ಅಡಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಈ ಕಮಾನುಗಳ ಮೇಲೆ ಹೊಳೆ ದಾಟುತ್ತಿತ್ತು. ಆಗ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬೈ ಪ್ರಾಂತ್ಯ. ಈಗ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ.

ಕಮಾನುಗಳ ಆಕಾರ ಗಮನಿಸಿ. ಅವು ಅರ್ಧ ವೃತ್ತದವಲ್ಲ, ಚಪ್ಪಟೆ ಮಾಡಿದ ಅಂಡಾಕಾರದವು. 60 ಅಡಿ ಹರವಿಗೆ ಪೂರ್ತಿ ಅರ್ಧ ವೃತ್ತ ಕಟ್ಟಿದರೆ ಅದರ ನೆತ್ತಿ 30 ಅಡಿ ಮೇಲೇಳಬೇಕು, ರಸ್ತೆ ಅದಕ್ಕೂ ಮೇಲೆ ಹೋಗಬೇಕು. ಕಮಾನನ್ನು ಚಪ್ಪಟೆ ಮಾಡಿದರೆ ರಸ್ತೆ ತಗ್ಗಿನಲ್ಲೇ ಉಳಿಯುತ್ತದೆ, ಆದರೆ ಕಮಾನು ಎರಡೂ ಪಕ್ಕಕ್ಕೆ ಒದೆಯುವ ಬಲ ಹೆಚ್ಚುತ್ತದೆ. ಪಕ್ಕದ ಕಮಾನೂ ಅಷ್ಟೇ ಬಲದಿಂದ ಎದುರು ಒದೆಯುವುದರಿಂದ ನಡುವಿನ ಕಂಬ ವಾಲದೆ ನಿಲ್ಲುತ್ತದೆ. ಕಣ್ಣಿಗೆ ಶಾಂತವಾಗಿ ಕಾಣುವ ಸೇತುವೆಯೊಳಗೆ ಇಂಥದೊಂದು ತಳ್ಳಾಟ ಹಗಲೂ ರಾತ್ರಿ ನಡೆದಿರುತ್ತದೆ.

ಇದು ಗೊತ್ತಿದ್ದವರು ಸ್ಕೆಚ್‌ನಲ್ಲಿ ಮೊದಲು ನೋಡುವುದು ಕಮಾನು ಕಂಬವನ್ನು ಸೇರುವ ಮೂಲೆಯನ್ನು. ಎರಡು ಕಮಾನುಗಳ ಬಲ ಕೂಡಿ ಕೆಳಗಿಳಿಯುವ ಜಾಗ ಅದು. ಕಲಾವಿದನ ಕೈ ಅಲ್ಲಿ ತಾನಾಗಿ ಒತ್ತಿರಬೇಕು. ಕಮಾನಿನ ನೆತ್ತಿಯಲ್ಲಿ ಗೆರೆ ತೆಳ್ಳಗಾಗಿ, ಒಂದೆರಡು ಕಡೆ ಕಡಿದೇ ಹೋಗಿದ್ದರೂ ನಷ್ಟವಿಲ್ಲ, ಕಣ್ಣು ಅದನ್ನು ತುಂಬಿಕೊಳ್ಳುತ್ತದೆ. ಕಂಬದ ಬುಡದಲ್ಲಿ ಮಾತ್ರ ಗೆರೆ ತೇಲಬಾರದು. ನಮ್ಮ ಎಪಿಎಂಸಿಯಲ್ಲಿ ಮೂಟೆ ಹೊತ್ತ ಹಮಾಲರನ್ನು ನೋಡಿದ್ದೀರಲ್ಲ, ಹೊರೆ ಎಷ್ಟೆಂದು ಗೊತ್ತಾಗುವುದು ಮೂಟೆ ನೋಡಿದಾಗಲ್ಲ, ನೆಲ ಕಚ್ಚಿದ ಪಾದ ನೋಡಿದಾಗ. ಸೇತುವೆಯ ಚಿತ್ರಕ್ಕೂ ಪಾದವೇ ಸಾಕ್ಷಿ.

ನನ್ನ ಬಳಿ ಇದೇ ಸೇತುವೆಯ ಸ್ಕೆಚ್ ಒಂದಿದೆ. ಕಲಾ ವಿದ್ಯಾರ್ಥಿನಿಯೊಬ್ಬಳು ದಡದಲ್ಲಿ ಕೂತು ನೋಟ್‌ಬುಕ್ ಗಾತ್ರದ ಹಾಳೆಯಲ್ಲಿ ಬರೆದದ್ದು. ಎಡದಿಂದ ಮೊದಲ ಎರಡು ಕಮಾನು ಸ್ಪಷ್ಟವಾಗಿವೆ, ಮೂರನೆಯದು ಅರ್ಧ, ಆಮೇಲೆ ಬರೀ ಕಂಬಗಳ ಸೂಚನೆ, ಕೊನೆಗೆ ಒಂದು ಅಡ್ಡ ಗೆರೆ. ಎರಡನೇ ಕಂಬದ ಬುಡದಲ್ಲಿ ಅವಳು ಪೆನ್ಸಿಲ್ಲನ್ನು ಎಷ್ಟು ಒತ್ತಿದ್ದಾಳೆಂದರೆ ಹಾಳೆ ಹಳ್ಳ ಬಿದ್ದಿದೆ, ಬೆರಳಾಡಿಸಿದರೆ ತಿಳಿಯುತ್ತದೆ. ಆ ಬೆರಳಗಲದ ಕಪ್ಪನ್ನು ಮುಚ್ಚಿ ನೋಡಿದರೆ ಇಡೀ ಸೇತುವೆ ನೀರಿನ ಮೇಲೆ ತೇಲಿದಂತೆ ಕಾಣುತ್ತದೆ. ಕೈ ತೆಗೆದರೆ ಮತ್ತೆ ನಿಲ್ಲುತ್ತದೆ. ನಿಮ್ಮ ಮುಂದಿರುವ ಸ್ಕೆಚ್ಚಿಗೂ ಇದನ್ನು ಮಾಡಿ ನೋಡಬಹುದು. ಚಿತ್ರ ಮುಟ್ಟಬೇಡಿ, ಕಣ್ಣಿನ ಮುಂದೆ ಬೆರಳು ಹಿಡಿದು ಒಂದೊಂದೇ ಭಾಗ ಮರೆ ಮಾಡಿ. ಯಾವುದನ್ನು ಮರೆ ಮಾಡಿದಾಗ ಸೇತುವೆ ಬೀಳುತ್ತದೋ ಅದು ಚಿತ್ರದ ಜೀವ.

ಕಾಂಕ್ರೀಟ್ ಫ್ಲೈಓವರ್ ಆದರೆ ಹುಡುಕುವ ಜಾಗ ಬೇರೆ. ಅಲ್ಲಿ ಕಮಾನಿಲ್ಲ, ನೇರ ತೊಲೆಗಳು ಕಂಬದ ತಲೆಯ ಮೇಲೆ ಕೂತಿರುತ್ತವೆ. ತೊಲೆ ಕೂತ ಸಂದಿನಲ್ಲಿ ಒಂದು ಗಟ್ಟಿ ನೆರಳು ಬಿದ್ದಿದ್ದರೆ ಭಾರ ಕಂಡ ಹಾಗೆ.

ಹೆಜ್ಜೆ 3: ಬರೆದವರು ಎಲ್ಲಿ ಕೂತಿದ್ದರು?

ಸೇತುವೆಯ ಮೇಲ್ಗೆರೆ, ಅಂದರೆ ತಡೆಗೋಡೆಯ ಅಂಚು, ದೂರ ಹೋದಂತೆ ಕೆಳಗಿಳಿದರೆ ಬರೆದವರು ಸೇತುವೆಗಿಂತ ತಗ್ಗಿನಲ್ಲಿ, ದಡದಲ್ಲೋ ಮರಳಿನ ಮೇಲೋ ಇದ್ದರು. ಮೇಲೇರಿದರೆ ಎತ್ತರದ ಕಟ್ಟಡದಿಂದ ನೋಡಿದ್ದು. ಹೆಚ್ಚು ಕಡಿಮೆ ಮಟ್ಟಸವಾಗಿದ್ದರೆ ಅವರ ಕಣ್ಣು ಆ ಅಂಚಿನ ಮಟ್ಟದಲ್ಲೇ ಇತ್ತು, ಇಲ್ಲವೇ ಅವರು ಸೇತುವೆಗೆ ನೇರ ಎದುರಿಗಿದ್ದರು. ಮೇಲ್ಗೆರೆಯನ್ನೂ ಕಂಬಗಳ ಬುಡ ಸೇರಿಸುವ ಗೆರೆಯನ್ನೂ ಮನಸ್ಸಿನಲ್ಲೇ ಮುಂದಕ್ಕೆ ಎಳೆಯಿರಿ. ಎರಡೂ ಕೂಡುವ ಬಿಂದು ಸಿಗುತ್ತದೆ. ಆ ಬಿಂದುವಿನ ಎತ್ತರವೇ ಬರೆದವರ ಕಣ್ಣಿನ ಮಟ್ಟ, ದಿಗಂತದ ಮಟ್ಟವೂ ಅದೇ.

ಸಡಿಲ ಸ್ಕೆಚ್‌ನಲ್ಲಿ ಸ್ಕೇಲ್ ಇಟ್ಟು ಅಳೆದ ನಿಖರತೆ ಬೇಡ. ಆದರೆ ದಿಕ್ಕು ತಪ್ಪಬಾರದು. ಓರೆಯಾಗಿ ನೋಡಿದಾಗ ಹತ್ತಿರದ ಕಮಾನು ಅಗಲ, ದೂರದ್ದು ಕಿರಿದು, ಇನ್ನೂ ದೂರ ಹೋದರೆ ಕಂಬಗಳ ದಪ್ಪವೇ ಒಂದಕ್ಕೊಂದು ಅಡ್ಡ ಬಂದು ನಡುವಿನ ಬೆಳಕಿಂಡಿ ಮುಚ್ಚಿಹೋಗುತ್ತದೆ. ಎಲ್ಲ ಕಮಾನುಗಳೂ ಒಂದೇ ಅಗಲವಾಗಿದ್ದು ಎತ್ತರ ಮಾತ್ರ ಕುಗ್ಗಿದ್ದರೆ ಬರೆದವರು ಎದುರಿನ ಸೇತುವೆ ನೋಡಲಿಲ್ಲ, ತಲೆಯೊಳಗಿನ ಸೇತುವೆ ಬರೆದರು. ಕಮಾನಿನ ಒಳಮೈ ಎಷ್ಟು ಕಾಣುತ್ತಿದೆ ಎಂದೂ ನೋಡಿ. ಆ ಒಂದು ನೆರಳುಪಟ್ಟಿ ಸರಿಯಾದ ಕಡೆ ಬಿದ್ದರೆ ಚಪ್ಪಟೆ ಹಾಳೆಯಲ್ಲಿ ರಸ್ತೆಯ ಅಗಲ ಮೂಡುತ್ತದೆ. ಚೆನ್ನಾಗಿ ಮೂಡಿದಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಹೆಜ್ಜೆ 4: ಗೆರೆಯ ಹತ್ತಿರ ಹೋಗಿ

ಈಗ ಮುಖ ಹತ್ತಿರ ತನ್ನಿ. ಬೆಳಕು ಪಕ್ಕದಿಂದ ಬೀಳುವಂತೆ ನಿಂತರೆ ಒಳ್ಳೆಯದು. ಒತ್ತಿದ ಕಡೆ ಗ್ರಾಫೈಟ್ ಹೊಳೆಯುತ್ತದೆ, ಹಾಳೆಯ ಹಳ್ಳಗಳು ಕಾಣುತ್ತವೆ.

ವೇಗವಾಗಿ ಎಳೆದ ಗೆರೆಗೆ ಎರಡೂ ತುದಿ ಚೂಪಾಗಿರುತ್ತದೆ, ಪೆನ್ಸಿಲ್ ಹಾಳೆಗೆ ಇಳಿದದ್ದೂ ಮೇಲೆದ್ದದ್ದೂ ಕಾಣುತ್ತದೆ. ನಿಧಾನದ ಗೆರೆ ಉದ್ದಕ್ಕೂ ಒಂದೇ ದಪ್ಪ, ಅಲ್ಲಲ್ಲಿ ಸಣ್ಣ ನಡುಕ. ಎರಡೂ ಬೇಕು. ತಡೆಗೋಡೆಯ ಉದ್ದನೆಯ ಅಂಚು ಒಂದೇ ಉಸಿರಿಗೆ ಬಂದಿದ್ದರೆ ಚಂದ. ಕಲ್ಲುಗಳ ಸಂದು, ಬಿರುಕಿನಲ್ಲಿ ಹುಟ್ಟಿದ ಅರಳಿಗಿಡ, ಇವಕ್ಕೆಲ್ಲ ಕೈ ನಿಧಾನಿಸಿರಬೇಕು. ಮೂಲೆಗಳಲ್ಲಿ ಎರಡು ಗೆರೆಗಳು ಒಂದನ್ನೊಂದು ದಾಟಿ ಸ್ವಲ್ಪ ಮುಂದೆ ಹೋಗಿರುತ್ತವೆ. ಅದನ್ನು ಅಜಾಗ್ರತೆ ಎನ್ನಬೇಡಿ. ಕೈ ಮೂಲೆಯಲ್ಲಿ ಹೆದರಿ ನಿಲ್ಲಲಿಲ್ಲ ಎಂದರ್ಥ.

ಒಂದೇ ಕಮಾನಿಗೆ ಎರಡು ಮೂರು ಗೆರೆ ಇದ್ದರೆ ಅಲ್ಲಿ ನಿಲ್ಲಿ. ನಾನು ಹೇಳಿದ ಸ್ಕೆಚ್‌ನಲ್ಲಿ ಎರಡನೇ ಕಮಾನಿಗೆ ಮೊದಲು ಬಿದ್ದ ಗೆರೆ ಹೆಚ್ಚು ಗುಂಡಗಿದೆ, ಬಲು ತೆಳುವಾಗಿದೆ. ಅದರ ಕೆಳಗೇ ಚಪ್ಪಟೆಯಾದ ಇನ್ನೊಂದು ಗೆರೆ, ಮೊದಲಿನದಕ್ಕಿಂತ ಗಟ್ಟಿ. ಅಂದರೆ ಕೈ ಅಭ್ಯಾಸದಂತೆ ಅರ್ಧ ವೃತ್ತ ಎಳೆಯಿತು, ಕಣ್ಣು ತಲೆಯೆತ್ತಿ ನೋಡಿತು, ಕೈ ತಿದ್ದಿಕೊಂಡಿತು. ರಬ್ಬರ್ ಹಾಕಿ ಮೊದಲಿನದನ್ನು ಅಳಿಸಿದ್ದರೆ ಈ ನೋಡುವಿಕೆ ನಮಗೆ ಸಿಗುತ್ತಿರಲಿಲ್ಲ. ಬಣ್ಣ ಮುಚ್ಚಿದ ಕ್ಯಾನ್ವಾಸ್ ಇದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸ್ಕೆಚ್ ತನ್ನ ಹಿಂದಿನ ಗೆರೆಯನ್ನೂ ಇಟ್ಟುಕೊಂಡೇ ಇರುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅಷ್ಟು ಪ್ರೀತಿ.

ಶೇಡಿಂಗ್ ಗೆರೆಗಳು ವಾಲಿದ ದಿಕ್ಕನ್ನೂ ನೋಡಿ. ಬಲಗೈಯವರದು ಸಾಮಾನ್ಯವಾಗಿ ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ವಾಲುತ್ತದೆ, ಎಡಗೈಯವರದು ಇದರ ತಿರುವು. ಲಿಯೊನಾರ್ಡೊ ಡ ವಿಂಚಿ ಎಡಗೈಯವನೆಂಬುದಕ್ಕೆ ಅವನ ರೇಖಾಚಿತ್ರಗಳ ಶೇಡಿಂಗೇ ಒಂದು ಪುರಾವೆ. ಸೇತುವೆಯ ಚಿತ್ರದಲ್ಲಿ ಇನ್ನೊಂದು ಮಾತೂ ಇದೆ: ಕಂಬಕ್ಕೆ ಹಾಕಿದ ಶೇಡಿಂಗ್ ನಿಂತಿದೆಯೇ, ನೀರಿಗೆ ಹಾಕಿದ್ದು ಮಲಗಿದೆಯೇ? ದಿಕ್ಕು ಬದಲಾದರೆ ಸಾಕು, ಕಲ್ಲು ಯಾವುದು, ಹೊಳೆ ಯಾವುದು ಎಂದು ಬೇರೆ ಹೇಳಬೇಕಿಲ್ಲ.

ಹೆಜ್ಜೆ 5: ಬಿಟ್ಟ ಜಾಗ ಓದಿ

ಬಿಳಿ ಹಾಳೆಯ ಲೆಕ್ಕ ಈಗ. ಬಿಟ್ಟ ಜಾಗ ಏನಾಗಿ ಕಾಣುತ್ತಿದೆ ಎಂದು ಕೇಳಿಕೊಳ್ಳಿ. ಕಮಾನಿನ ಕೆಳಗಿನ ಬಿಳಿ ಬೆಳಕಾಗಿದೆಯೇ? ಸೇತುವೆಯ ಮೇಲಿನ ಬಿಳಿ ಮಧ್ಯಾಹ್ನದ ಆಕಾಶವಾಗಿದೆಯೇ? ಕೆಳಗಿನದು ನೀರಾಗಿದೆಯೇ? ಒಂದೇ ಹಾಳೆ, ಒಂದೇ ಬಿಳಿ, ಸುತ್ತಲಿನ ಗೆರೆಗಳಿಂದ ಮೂರು ಬೇರೆ ವಸ್ತುಗಳಾದರೆ ಚಿತ್ರ ಗೆದ್ದಿದೆ. ಏನೂ ಆಗದೆ ಬರೀ ಹಾಳೆಯಾಗಿಯೇ ಉಳಿದರೆ ಅದು ಖಾಲಿ ಜಾಗ, ಅಷ್ಟೆ.

ಡಚ್ ಕಲಾವಿದ ರೆಂಬ್ರಾಂಟ್ 1645ರಲ್ಲಿ ಮಾಡಿದ, ‘ಸಿಕ್ಸನ ಸೇತುವೆ’ ಎಂದು ಹೆಸರಾದ ಸಣ್ಣದೊಂದು ಚಿತ್ರವಿದೆ. ಸಿಕ್ಸ್ ಅವನ ಗೆಳೆಯ. ಅದು ಪೆನ್ಸಿಲ್ಲಿನದಲ್ಲ, ತಾಮ್ರದ ತಗಡಿನ ಮೇಲೆ ಗೀರಿ ಅಚ್ಚು ತೆಗೆದದ್ದು. ಆದರೂ ಸಡಿಲ ಗೆರೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮರದ ಪುಟ್ಟ ಸೇತುವೆ, ಅದರ ಮೇಲೆ ಜನ, ಪಕ್ಕದಲ್ಲಿ ಒಂದೆರಡು ಮರ, ದೂರದಲ್ಲಿ ಊರು. ಆಕಾಶಕ್ಕೆ ಒಂದು ಗೆರೆಯನ್ನೂ ಖರ್ಚು ಮಾಡಿಲ್ಲ. ಊಟಕ್ಕೆ ಕೂತಾಗ ಸಾಸಿವೆ ಇಲ್ಲವೆಂದು ಆಳು ಊರೊಳಗೆ ಹೋಗಿ ತರುವಷ್ಟರಲ್ಲಿ ರೆಂಬ್ರಾಂಟ್ ಪಂದ್ಯ ಕಟ್ಟಿ ಈ ಚಿತ್ರ ಮುಗಿಸಿದ ಎಂದು ಒಂದು ಕಥೆ ಬೆಳೆದಿದೆ. ಕಥೆ ನಿಜವೋ ಸುಳ್ಳೋ, ಚಿತ್ರ ನೋಡಿದರೆ ಹಾಗೊಂದು ಕಥೆ ಹುಟ್ಟಿದ್ದು ಸಹಜ ಅನ್ನಿಸುತ್ತದೆ. ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ, ದೊಡ್ಡದು ಮಾಡಿ ನೋಡಿ.

ನಮ್ಮವರಲ್ಲಿ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ನರ್ತಿಸುವ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು, ಒಳಗಿನ ಮೈಯೆಲ್ಲ ಬಿಳಿ ಹಾಳೆಯೇ. ಅವರ ಗೆರೆ ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಸ್ವಲ್ಪ ಹೊತ್ತು ನೋಡಿ ಬಂದರೆ ಸೇತುವೆಯ ಸ್ಕೆಚ್ಚೂ ಬೇರೆಯಾಗಿ ಕಾಣತೊಡಗುತ್ತದೆ.

ಹೆಜ್ಜೆ 6: ನೀರು

ನೆರಳು ಬೇರೆ, ಪ್ರತಿಬಿಂಬ ಬೇರೆ. ನೆರಳು ಸೂರ್ಯನ ದಿಕ್ಕಿಗೆ ತಕ್ಕಂತೆ ಓರೆಯಾಗುತ್ತದೆ, ಪ್ರತಿಬಿಂಬ ಯಾವಾಗಲೂ ನೇರ ಕೆಳಗೆ ಬೀಳುತ್ತದೆ. ಪ್ರತಿಬಿಂಬದಲ್ಲಿ ಕಮಾನಿನ ಒಳಮೈ ನಮಗೆ ಮೇಲೆ ಕಾಣುವುದಕ್ಕಿಂತ ಹೆಚ್ಚು ಕಾಣುತ್ತದೆ, ಏಕೆಂದರೆ ನೀರು ಅದನ್ನು ಕೆಳಗಿನಿಂದ ನೋಡುತ್ತದೆ. ಇದನ್ನು ಹಿಡಿದಿದ್ದರೆ ಬರೆದವರ ಕಣ್ಣು ಬಲು ಚುರುಕು.

ನೀರಿನ ಮಟ್ಟ ಕಾಲವನ್ನೂ ಹೇಳುತ್ತದೆ. ಬೇಸಿಗೆಯಲ್ಲಿ ಹರಿಹರದ ಹೊಳೆ ಸೊರಗಿ ಬಂಡೆ, ಮರಳು ಮೇಲೆದ್ದಿರುತ್ತವೆ, ಕಂಬಗಳ ಮೇಲೆ ಹಳೆಯ ನೀರಿನ ಗುರುತು ಪಟ್ಟಿಯಾಗಿ ಕಾಣುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದಾಗ ಕಂಬ ಗಿಡ್ಡವಾಗಿ ಕಮಾನು ನೀರಿಗೆ ಹತ್ತಿರವಾಗುತ್ತದೆ. ಕಂಬದ ಉದ್ದ ನೋಡಿಯೇ ಯಾವ ತಿಂಗಳ ಚಿತ್ರ ಎಂದು ಊಹಿಸಬಹುದು.

ಹೆಜ್ಜೆ 7: ಪೆನ್ಸಿಲ್, ಹಾಳೆ

ಚುಟುಕಾಗಿ ಹೇಳುತ್ತೇನೆ. ಪೆನ್ಸಿಲ್ ಕಡ್ಡಿ ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನೊಂದಿಗೆ ಕಲಸಿ ಸುಟ್ಟದ್ದು. ಫ್ರಾನ್ಸಿನ ಕಾಂಟೆ 1795ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದರೆ ಗಟ್ಟಿ, ಗೆರೆ ತೆಳು ಬೂದು, ಅದು ಎಚ್ ಸಾಲು. ಗ್ರಾಫೈಟ್ ಹೆಚ್ಚಾದರೆ ಮೆದು, ಕಪ್ಪು, ಅದು ಬಿ ಸಾಲು. ಸಡಿಲ ಸ್ಕೆಚ್ಚಿಗೆ 2ಬಿ, 4ಬಿ ಹೆಚ್ಚು ಬಳಕೆ, ಏಕೆಂದರೆ ಒಂದೇ ಪೆನ್ಸಿಲ್ಲಿನಲ್ಲಿ ಒತ್ತಿದರೆ ಕಪ್ಪು, ತೇಲಿಸಿದರೆ ಬೂದು ಬರುತ್ತದೆ. ತುಸು ಒರಟಾದ ಕಾರ್ಟ್ರಿಡ್ಜ್ ಹಾಳೆಯಲ್ಲಿ ಪೆನ್ಸಿಲ್ ಮಲಗಿಸಿ ಉಜ್ಜಿದರೆ ನಡುನಡುವೆ ಬಿಳಿ ಚುಕ್ಕಿ ಉಳಿಯುತ್ತದೆ, ಹಳೆಯ ಕಲ್ಲಿನ ಮೈಗೆ ಅದು ಹೇಳಿ ಮಾಡಿಸಿದ್ದು.

ಹೆಜ್ಜೆ 8: ಹುಸಿ ಸಡಿಲವನ್ನು ಗುರುತಿಸಿ

ಸಡಿಲವಾಗಿ ಕಂಡದ್ದೆಲ್ಲ ಒಳ್ಳೆಯದೆಂದು ಒಪ್ಪಬೇಡಿ. ಮೊದಲು ಫೋಟೊ ನೋಡಿ ಅಚ್ಚುಕಟ್ಟಾಗಿ ಬರೆದು, ಆಮೇಲೆ ಸ್ಕೆಚ್‌ನಂತೆ ಕಾಣಲೆಂದು ಮೇಲೆ ಗೀಚಿದ ಗೆರೆಗಳಿರುತ್ತವೆ. ಅವು ಎಲ್ಲ ಕಡೆ ಒಂದೇ ದಪ್ಪ, ಒಂದೇ ಉದ್ದ. ಕಂಬಕ್ಕೂ ಮೋಡಕ್ಕೂ ಒಂದೇ ಗೀಚು. ಎರಡೆರಡು ಗೆರೆ ಇದ್ದರೂ ಒಂದು ಇನ್ನೊಂದನ್ನು ತಿದ್ದಿರುವುದಿಲ್ಲ, ಸುಮ್ಮನೆ ಜೊತೆಗಿರುತ್ತದೆ. ಫೋನಿನ ಆ್ಯಪ್‌ಗಳು ಫೋಟೊವನ್ನು ‘ಪೆನ್ಸಿಲ್ ಸ್ಕೆಚ್’ ಮಾಡಿಕೊಡುವಾಗ ಆಗುವುದೂ ಇದೇ: ಅಂಚು ಕಂಡಲ್ಲೆಲ್ಲ ಗೆರೆ ಬೀಳುತ್ತದೆ, ಭಾರ ಹೊತ್ತ ಕಂಬಕ್ಕೂ ಅದರ ಮೇಲೆ ಅಂಟಿಸಿದ ಪೋಸ್ಟರಿಗೂ ಸಮಾನ ಮರ್ಯಾದೆ. ನೋಡಿದವರ ಆಯ್ಕೆ ಅಲ್ಲಿ ಇರುವುದಿಲ್ಲ.

ಹೆಜ್ಜೆ 9: ನೀವೂ ಬರೆದು ನೋಡಿ

ಚಿತ್ರ ಬರಲ್ಲ ಎನ್ನುವವರಿಗೇ ಈ ಹೆಜ್ಜೆ ಹೆಚ್ಚು ಬೇಕು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ಮೇಲೆ ಸ್ವಲ್ಪ. ಬೆಳಗಿನ ಹೊತ್ತು ಹೋಗಿ, ಬಿಸಿಲು ಓರೆಯಾಗಿದ್ದಾಗ ಕಮಾನಿನ ಒಳಮೈ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ನೀರಿಗಿಳಿಯದೆ ದಡದ ಮೇಲೆ ಗಟ್ಟಿ ಜಾಗ ನೋಡಿ ಕೂರಿ. ಚಿತ್ರದುರ್ಗದ ಕಡೆಯವರಾದರೆ ನಿಮ್ಮ ಊರಿನ ಹತ್ತಿರದ ಯಾವುದಾದರೂ ಹಳ್ಳದ ಸೇತುವೆ ಸಾಕು, ದೊಡ್ಡದೇ ಆಗಬೇಕಿಲ್ಲ.

ಮೊದಲ ಐದು ನಿಮಿಷ ಪೆನ್ಸಿಲ್ ಮುಟ್ಟಬೇಡಿ, ನೋಡಿ. ಆಮೇಲೆ ಒಂದೇ ಕಮಾನು, ಅದರ ಎರಡು ಕಂಬ, ಮೇಲೊಂದು ರಸ್ತೆಯ ಗೆರೆ. ರಬ್ಬರ್ ಮನೆಯಲ್ಲೇ ಬಿಟ್ಟು ಹೋಗಿ. ತಪ್ಪಿದರೆ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಿರಿ. ಹಾಳೆಗಿಂತ ಸೇತುವೆಯನ್ನೇ ಹೆಚ್ಚು ಹೊತ್ತು ನೋಡಿ. ಕೊನೆಯಲ್ಲಿ ಒಂದೇ ಒಂದು ಜಾಗದಲ್ಲಿ ಜೋರಾಗಿ ಒತ್ತಲು ಅನುಮತಿ ಇದೆ ಎಂದುಕೊಳ್ಳಿ, ಆ ಜಾಗ ಯಾವುದೆಂದು ನಿರ್ಧರಿಸಿ. ಆ ನಿರ್ಧಾರಕ್ಕೆ ನೀವು ಪಡುವ ಕಷ್ಟವೇ ಬೇರೆಯವರ ಸ್ಕೆಚ್ ಓದುವುದನ್ನು ಕಲಿಸುತ್ತದೆ.

ಹೆಜ್ಜೆ 10: ಕೊಂಡರೆ ಕಾಪಾಡಿ

ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಸ್ಕೆಚ್ ಇಷ್ಟವಾದರೆ ಬರೆದವರನ್ನು ಹುಡುಕಿ ಮಾತಾಡಿಸಿ, ಮಾರುತ್ತೀರಾ ಎಂದು ಕೇಳಿ. ‘ಬರೀ ಪೆನ್ಸಿಲ್ ತಾನೇ’ ಎಂದು ಚೌಕಾಸಿ ಮಾಡಬೇಡಿ. ‘ಎಷ್ಟು ಹೊತ್ತಾಯಿತು’ ಎಂಬ ಪ್ರಶ್ನೆಗಿಂತ ‘ಮೊದಲು ಯಾವ ಗೆರೆ ಎಳೆದಿರಿ’ ಎಂಬ ಪ್ರಶ್ನೆ ಒಳ್ಳೆಯದು. ಆ ಪ್ರಶ್ನೆಗೆ ಹುಡುಗರ ಮುಖ ಅರಳುವುದನ್ನು ನೋಡಿದ್ದೇನೆ.

ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ. ಕೆಡುವುದು ಹಾಳೆ: ಅಗ್ಗದ ಹಾಳೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಇನ್ನೊಂದು ಶತ್ರು ಉಜ್ಜಾಟ. ಹಾಗಾಗಿ ಗೆರೆ ಉಜ್ಜಿಹೋಗದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವವನ್ನು ಬರೆದವರಿಂದಲೇ ಸ್ಪ್ರೇ ಮಾಡಿಸಿಕೊಳ್ಳಿ. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಬೇಡ. ನಮ್ಮ ಕಡೆ ಮಾರ್ಕ್ಸ್‌ಕಾರ್ಡಿನಿಂದ ಹಿಡಿದು ದೇವರ ಪಟದವರೆಗೆ ಎಲ್ಲಕ್ಕೂ ಅದೇ ರೂಢಿ, ಆದರೆ ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ, ಹಾಳೆಯ ಮೈಯೂ ಗೆರೆಯ ಹಳ್ಳವೂ ಸತ್ತುಹೋಗುತ್ತವೆ. ಫ್ರೇಮ್ ಅಂಗಡಿಯಲ್ಲಿ ಸುತ್ತ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಚೌಕಟ್ಟು ಹಾಕಿಸಿ, ಗಾಜು ಚಿತ್ರಕ್ಕೆ ತಾಗದಂತೆ ನೋಡಿಕೊಳ್ಳಿ. ಹಿಂದೆ ಫೆವಿಕಾಲ್ ಬಳಿದು ಅಂಟಿಸಬೇಡಿ ಎಂದು ಅವರಿಗೆ ಮೊದಲೇ ಹೇಳಿ. ಮಳೆಗಾಲದಲ್ಲಿ ತೇವ ಎಳೆಯುವ ಹೊರಗೋಡೆಗೆ ನೇತುಹಾಕಬೇಡಿ. ಫ್ರೇಮ್ ಹಾಕಿಸುವವರೆಗೆ ಮೇಲೊಂದು ಬಟರ್ ಪೇಪರ್ ಇಟ್ಟು ಮಟ್ಟಸವಾಗಿಡಿ, ಸುರುಳಿ ಸುತ್ತಬೇಡಿ. ಹಾಳೆಯ ಹಿಂದೆ ಊರು, ಸೇತುವೆಯ ಹೆಸರು, ತಾರೀಕು, ಬರೆದವರ ಹೆಸರು ಇಷ್ಟನ್ನು ಮೆದುವಾಗಿ ಪೆನ್ಸಿಲ್ಲಿನಲ್ಲೇ ಬರೆಸಿಕೊಳ್ಳಿ. ಬಾಲ್ ಪೆನ್ನಿನಲ್ಲಿ ಬರೆದರೆ ಒತ್ತು ಮುಂಭಾಗಕ್ಕೂ ಮೂಡುತ್ತದೆ.